ಟ್ಯೂಷನ್, ಡ್ಯಾನ್ಸ್, ಅಬಾಕಸ್ ನಡುವೆ ಮಗುವಿಗೆ ಉಸಿರಾಡಲು ಜಾಗ: ತುಮಕೂರಿನ ಒಬ್ಬ ಅಮ್ಮನ ಮಾರ್ಗದರ್ಶಿ

ಕಳೆದ ವರ್ಷ ಜುಲೈನ ಒಂದು ಸೋಮವಾರ ಬೆಳಿಗ್ಗೆ ಮಗಳ ಗಣಿತದ ನೋಟ್‌ಬುಕ್ ತೆರೆದೆ. ಒಂದು ಹಾಳೆಯ ನಡುವೆ ತೂತು. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯೇ ಸವೆದುಹೋಗಿತ್ತು. ಲೆಕ್ಕ ತಪ್ಪಾಗಿರಲಿಲ್ಲ. ಏಳರ ಅಂಕಿ ನೆಟ್ಟಗೆ ಬರಲಿಲ್ಲ ಅಂತ ಅಳಿಸಿದ್ದಳಂತೆ. ಅವತ್ತು ಹೊಟ್ಟೆನೋವು ಎಂದು ವ್ಯಾನ್ ಹತ್ತಲಿಲ್ಲ. ಹಿಂದಿನ ಎರಡು ಸೋಮವಾರವೂ ಹೊಟ್ಟೆನೋವೇ ಇತ್ತು ಅನ್ನೋದು ನನಗೆ ಆಗ ಹೊಳೆಯಿತು. ಅವಳಿಗೆ ಆಗ ಹತ್ತು ವರ್ಷ, ಐದನೇ ಕ್ಲಾಸು.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದೊಡ್ಡವರು ಬೆಳಿಗ್ಗೆ ಟ್ರೈನ್ ಹತ್ತಿ ಅಲ್ಲಿಗೆ ಹೋಗುತ್ತಾರೆ, ಅಲ್ಲಿನ ಅವಸರ ರಾತ್ರಿ ಅದೇ ಟ್ರೈನಿನಲ್ಲಿ ನಮ್ಮ ಮನೆಗೆ ಬರುತ್ತದೆ. ಸಂಜೆ ಐದಕ್ಕೆ ಬಿ.ಎಚ್. ರಸ್ತೆಯ ಬದಿಯಲ್ಲಿ ಐದು ನಿಮಿಷ ನಿಂತು ನೋಡಿ. ಸ್ಕೂಟರಿನ ಹಿಂದಿನ ಸೀಟಿನಲ್ಲಿ ಬ್ಯಾಗ್ ಹೊತ್ತ ಮಗು, ಅಮ್ಮನ ಬೆನ್ನಿಗೆ ಕೆನ್ನೆ ಆನಿಸಿ ತೂಕಡಿಸುತ್ತಿರುತ್ತದೆ. ನನ್ನ ಬೆನ್ನಿನ ಮೇಲೂ ಹಾಗೆ ತೂಕಡಿಸಿದವಳು ಇದ್ದಳು. ಪಾಪ ಸುಸ್ತು ಅಂದುಕೊಂಡು ಗಾಡಿ ಓಡಿಸುತ್ತಿದ್ದೆ, ಅಷ್ಟೇ.

ಆಮೇಲೆ ಎಂಟು ಹತ್ತು ತಿಂಗಳಲ್ಲಿ ನಾವು ಮಾಡಿದ್ದನ್ನೂ, ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಆರರಿಂದ ಹದಿಮೂರು ವರ್ಷದವರೆಗಿನ ಮಕ್ಕಳಿಗೆ ಇದು ಹೆಚ್ಚು ಹೊಂದುತ್ತದೆ. ಮಗುವಿಗೆ ಧ್ಯಾನ, ಪ್ರಾಣಾಯಾಮ ಕಲಿಸುವುದಕ್ಕೆ ಮೊದಲು ಅದರ ಟೈಮ್‌ಟೇಬಲ್ ತಿದ್ದಬೇಕು ಅನ್ನೋದು ನನ್ನ ಅಭಿಪ್ರಾಯ. ಮಾಳಿಗೆ ಸೋರುವಾಗ ಕೆಳಗೆ ಪಾತ್ರೆ ಇಡುತ್ತಾ ಕೂತರೆ ಎಷ್ಟು ಪಾತ್ರೆ ಇಡುತ್ತೀರಿ?

ಹೆಜ್ಜೆ 1: ಒಂದು ವಾರ ಸುಮ್ನೆ ನೋಡಿ, ಬರೆದಿಡಿ

ಮಕ್ಕಳು "ನನಗೆ ಒತ್ತಡ ಆಗ್ತಿದೆ" ಅಂತ ಬಂದು ಹೇಳುವುದಿಲ್ಲ. ಅದನ್ನು ಅವರ ಮೈ ಹೇಳುತ್ತದೆ. ಹೊಟ್ಟೆನೋವು, ತಲೆನೋವು, ಉಗುರು ಕಚ್ಚುವುದು, ಅಂಗಿಯ ಕಾಲರ್ ಅಗಿಯುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ರಾತ್ರಿ ಬೆಚ್ಚಿ ಏಳುವುದು. ಕೆಲವರು ಸಣ್ಣದಕ್ಕೆಲ್ಲ ಸಿಡುಕುತ್ತಾರೆ. ಇನ್ನು ಕೆಲವರು ತೀರಾ ಒಳ್ಳೆಯ ಮಕ್ಕಳಾಗಿಬಿಡುತ್ತಾರೆ. ನನ್ನ ಮಗಳು ಈ ಎರಡನೇ ಜಾತಿ. ಇವರನ್ನು ಗುರುತಿಸುವುದೇ ಕಷ್ಟ. ಯಾಕೆಂದರೆ ಎಲ್ಲರೂ ಹೊಗಳುತ್ತಿರುತ್ತಾರೆ.

ಒಂದು ಹಳೆಯ ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ಎರಡೇ ಸಾಲು ಸಾಕು. ಯಾವ ಹೊತ್ತಿಗೆ ಏನಾಯಿತು, ಅದಕ್ಕೆ ಸ್ವಲ್ಪ ಮೊದಲು ಏನು ನಡೆದಿತ್ತು, ರಾತ್ರಿ ಎಷ್ಟು ಗಂಟೆ ನಿದ್ದೆ. ಮಗುವಿನ ಎದುರಿಗೆ ಬರೆಯಬೇಡಿ. ತನ್ನ ಮೇಲೆ ಯಾರೋ ರಿಪೋರ್ಟ್ ಬರೆಯುತ್ತಿದ್ದಾರೆ ಅನ್ನಿಸಿದರೆ ಅದೂ ಒಂದು ಒತ್ತಡವೇ.

ಇದರ ಜೊತೆಗೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಬನ್ನಿ. ಹೊಟ್ಟೆಹುಳು, ಮೂತ್ರದ ಸೋಂಕು, ಮಲಬದ್ಧತೆ, ಕಣ್ಣಿನ ಪವರ್ ಇವೆಲ್ಲ ಹೊಟ್ಟೆನೋವು, ತಲೆನೋವಾಗಿಯೇ ಬರುತ್ತವೆ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಸ್ಕೂಲಿನ ಟಾಯ್ಲೆಟ್ ಗಲೀಜು ಅಂತ ಮಗಳು ಬೆಳಿಗ್ಗೆಯಿಂದ ಮನೆಗೆ ಬರುವವರೆಗೂ ತಡೆದುಕೊಳ್ಳುತ್ತಿದ್ದಳು. ಅದಕ್ಕೇ ನೀರೂ ಕುಡಿಯುತ್ತಿರಲಿಲ್ಲ. ವಾಟರ್ ಬಾಟಲ್ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ನಿಮ್ಮ ಮನೆಯ ಬಾಟಲ್ಲನ್ನೂ ಇವತ್ತು ಸಂಜೆ ಒಮ್ಮೆ ಎತ್ತಿ ನೋಡಿ. ಈ ವಿಷಯವನ್ನು ಕ್ಲಾಸ್ ಟೀಚರ್‌ಗೆ ನಾಚಿಕೆಯಿಲ್ಲದೆ ಹೇಳಬೇಕು. ನಾಲ್ಕು ಜನ ಅಪ್ಪ ಅಮ್ಮಂದಿರು ಸೇರಿ ಹೇಳಿದರೆ ಕೆಲಸ ಬೇಗ ಆಗುತ್ತದೆ.

ಹೆಜ್ಜೆ 2: ಗಂಟೆಗಳ ಲೆಕ್ಕ ಹಾಕಿ

ಇದು ಈ ಇಡೀ ಕೆಲಸದ ತಾಯಿಬೇರು. ದಯವಿಟ್ಟು ಹಾರಿಸಬೇಡಿ.

ಒಂದು ದೊಡ್ಡ ಹಾಳೆಯಲ್ಲಿ ಏಳು ದಿನಗಳ ಏಳು ಸಾಲು ಹಾಕಿ, ಎದ್ದಾಗಿನಿಂದ ಮಲಗುವವರೆಗೆ ಬರೆಯಿರಿ. ನಮ್ಮದು ಹೀಗಿತ್ತು. ಬೆಳಿಗ್ಗೆ 6ಕ್ಕೆ ಏಳುವುದು, 7:40ಕ್ಕೆ ವ್ಯಾನ್. 3:45ಕ್ಕೆ ಸ್ಕೂಲ್ ಬಿಟ್ಟರೂ ವ್ಯಾನು ಊರೆಲ್ಲ ಸುತ್ತಿ ಮನೆಗೆ ಬರುವಾಗ 4:30. 5ರಿಂದ 6:30 ಟ್ಯೂಷನ್. ಮಂಗಳವಾರ, ಗುರುವಾರ ಅದರ ಬೆನ್ನಿಗೇ ಭರತನಾಟ್ಯ. ಶನಿವಾರ ಮಧ್ಯಾಹ್ನ ಅಬಾಕಸ್, ಭಾನುವಾರ ಬೆಳಿಗ್ಗೆ ಡ್ರಾಯಿಂಗ್. ಊಟ, ಹೋಂವರ್ಕ್ ಮುಗಿದು ಮಲಗುವಾಗ ರಾತ್ರಿ 10:15.

ಈಗ ನಿದ್ದೆ ಲೆಕ್ಕ ಮಾಡಿ. 10:15ರಿಂದ 6 ಗಂಟೆ ಅಂದರೆ ಏಳೂಮುಕ್ಕಾಲು ಗಂಟೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13ರಿಂದ 18ರವರಿಗೆ 8ರಿಂದ 10 ಗಂಟೆ. ಅಂದರೆ ನನ್ನ ಮಗಳಿಗೆ ದಿನಾ ಕಡಿಮೆ ಅಂದರೂ ಒಂದೂಕಾಲು ಗಂಟೆ ಖೋತಾ. ಸೋಮವಾರದಿಂದ ಶುಕ್ರವಾರಕ್ಕೆ ಆರೂಕಾಲು ಗಂಟೆ. ನಿದ್ದೆಗೆಟ್ಟ ದಿನ ನಮಗೇ ಯಾರು ಮಾತಾಡಿಸಿದರೂ ರೇಗುತ್ತದೆ ಅಲ್ವಾ? ಅವಳು ವಾರಪೂರ್ತಿ ಹಾಗೇ ಇದ್ದಳು.

ಆಮೇಲೆ ಮೂರು ಕ್ರೇಯಾನ್ ಕೊಟ್ಟು ಮಗುವಿಗೇ ಬಣ್ಣ ಹಚ್ಚಲು ಹೇಳಿ. ಬೇರೆಯವರು ಹೇಳಿದಂತೆ ಮಾಡುವ ಹೊತ್ತು ಕೆಂಪು. ನಿದ್ದೆ, ಊಟ, ಸ್ನಾನ ನೀಲಿ. ತನಗೆ ಬೇಕಾದ್ದನ್ನು ಮಾಡುವ ಹೊತ್ತು ಹಸಿರು. ನಾನು ಭರತನಾಟ್ಯಕ್ಕೆ ಹಸಿರು ಬರುತ್ತದೆ ಅಂದುಕೊಂಡಿದ್ದೆ. ಅವಳು ಕ್ರೇಯಾನ್ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಮಂಗಳವಾರಕ್ಕೆ ಕೆಂಪು, ಗುರುವಾರಕ್ಕೆ ಹಸಿರು ಹಚ್ಚಿದಳು. ಮಂಗಳವಾರ ದೊಡ್ಡ ಹುಡುಗಿಯರ ಬ್ಯಾಚ್ ಜೊತೆ ಸೇರಿಸುತ್ತಿದ್ದರಂತೆ. ಹೆಜ್ಜೆ ತಪ್ಪಿದರೆ ಅವರು ನಗುತ್ತಿದ್ದರಂತೆ. ವರ್ಷವಿಡೀ ನನಗೆ ಇದು ಗೊತ್ತಿರಲಿಲ್ಲ. ಇಡೀ ವಾರಕ್ಕೆ ಹಸಿರು ಇದ್ದದ್ದು ಅದೊಂದು ಗಂಟೆ, ಮತ್ತೆ ಭಾನುವಾರ ಮಧ್ಯಾಹ್ನದ ಒಂದೂವರೆ ಗಂಟೆ.

ಲೆಕ್ಕದ ಗುಂಗಿನಲ್ಲೇ ಸ್ಕೂಲ್ ಬ್ಯಾಗನ್ನೂ ತೂಗಿದೆವು. ಅತ್ತೆ ಊರಿನಿಂದ ತಂದ ಹುಣಸೆಹಣ್ಣನ್ನು ತೂಗಿ ಮಕ್ಕಳಿಗೆ ಹಂಚುವ ತಕ್ಕಡಿ ಮನೆಯಲ್ಲಿದೆ. ಐದೂವರೆ ಕೆಜಿ ಬಂತು. ಮಗಳ ತೂಕ 28. ಬ್ಯಾಗು ಮಗುವಿನ ತೂಕದ ಹತ್ತರಲ್ಲಿ ಒಂದು ಭಾಗ ಮೀರಬಾರದು ಅಂತ 2020ರ ರಾಷ್ಟ್ರೀಯ ಸ್ಕೂಲ್ ಬ್ಯಾಗ್ ನೀತಿ ಹೇಳುತ್ತದೆ. "ಮೂರು ಕೆಜಿಯೂ ಇರಬಾರದಂತೆ, ಇದು ಎರಡು ಮಕ್ಕಳ ಬ್ಯಾಗು ಕಣಮ್ಮ" ಅಂದರು ಅತ್ತೆ. ಮರೆತುಬಿಟ್ಟರೆ ಬೈತಾರೆ ಅಂತ ಅವಳು ಎಲ್ಲ ಪುಸ್ತಕವನ್ನೂ ದಿನಾ ಹೊರುತ್ತಿದ್ದಳು. ಈಗ ರಾತ್ರಿ ಮಲಗುವ ಮುಂಚೆ ಇಬ್ಬರೂ ಕೂತು ಟೈಮ್‌ಟೇಬಲ್ ನೋಡಿ ಬ್ಯಾಗ್ ಜೋಡಿಸುತ್ತೇವೆ. ಬೆಳಗಿನ ಅರ್ಧ ಜಗಳ ಅಲ್ಲೇ ಮುಗಿಯಿತು.

ಹೆಜ್ಜೆ 3: ಒಂದನ್ನಾದರೂ ಬಿಡಿಸಿ

ಯಾವುದನ್ನು ಬಿಡಿಸಬೇಕು? ಪ್ರತಿ ಕ್ಲಾಸಿನ ಬಗ್ಗೆಯೂ ಮಗುವನ್ನು ಬೇರೆಬೇರೆ ದಿನ ಮೂರು ಪ್ರಶ್ನೆ ಕೇಳಿ. ನಾಳೆ ಈ ಕ್ಲಾಸಿಗೆ ರಜೆ ಅಂದರೆ ಖುಷಿಯೋ ಬೇಜಾರೋ? ಅಲ್ಲಿ ನಿನಗೆ ಸ್ನೇಹಿತರು ಇದ್ದಾರಾ? ಅಲ್ಲಿಂದ ಬಂದ ಮೇಲೆ ಆಟ ಆಡಬೇಕು ಅನ್ನಿಸುತ್ತದಾ, ಮಲಗಬೇಕು ಅನ್ನಿಸುತ್ತದಾ? ಒಂದೇ ದಿನ ಎಲ್ಲ ಕೇಳಿದರೆ ಮಕ್ಕಳು ನಮಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ.

ಅಬಾಕಸ್‌ಗೆ ಮೂರಕ್ಕೂ ಕೆಟ್ಟ ಉತ್ತರ ಬಂತು. ಬಿಡಿಸುವುದು ಅಂದಾಗ ಮನೆಯಲ್ಲಿ ದೊಡ್ಡ ಚರ್ಚೆ. "ಮೂರು ತಿಂಗಳ ಫೀಸು ಕಟ್ಟಿ ಆಗಿದೆ" ಅಂದರು ನಮ್ಮ ಮನೆಯವರು. ಕಟ್ಟಿದ ದುಡ್ಡು ಹೇಗೂ ವಾಪಸ್ ಬರುವುದಿಲ್ಲ. ಅದರ ಜೊತೆ ಮಗುವಿನ ಶನಿವಾರಗಳೂ ಹೋಗಬೇಕಾ ಅಂದೆ. ಅಕ್ಕಪಕ್ಕದವರು "ಯಾಕೆ ಬಿಡಿಸಿದ್ರಿ, ಚೆನ್ನಾಗಿ ಮಾಡ್ತಿದ್ಲಲ್ಲ" ಅಂತ ಕೇಳೇ ಕೇಳುತ್ತಾರೆ. "ಶನಿವಾರ ಬೇರೆ ಕೆಲಸ ಇರುತ್ತೆ" ಅಂದರೆ ಸಾಕು. ಆ ಕೆಲಸ ಏನೂ ಮಾಡದಿರುವುದು ಅಂತ ಬಿಡಿಸಿ ಹೇಳುವ ಅಗತ್ಯವಿಲ್ಲ.

ಭರತನಾಟ್ಯ ಬಿಡಿಸಲಿಲ್ಲ. ಡ್ಯಾನ್ಸ್ ಮೇಡಂಗೆ ಫೋನ್ ಮಾಡಿ ಮಂಗಳವಾರದ ಬದಲು ಚಿಕ್ಕವರ ಬ್ಯಾಚಿಗೆ ಹಾಕಿಸಿದೆ. ಎಷ್ಟೋ ಸಲ ಕ್ಲಾಸು ಬಿಡಿಸಬೇಕಾಗಿಯೇ ಇಲ್ಲ, ಬ್ಯಾಚ್ ಬದಲಾಯಿಸಿದರೆ ಸಾಕು.

ಒಂದು ಎಚ್ಚರಿಕೆ. ಖಾಲಿಯಾದ ಜಾಗಕ್ಕೆ ಹೊಸ ಕ್ಲಾಸ್ ತಂದು ತುಂಬಬೇಡಿ. ನನಗೆ ಎರಡೇ ವಾರದಲ್ಲಿ ಕೈ ಕಡಿಯಲು ಶುರುವಾಗಿತ್ತು. ಕೀಬೋರ್ಡ್ ಕ್ಲಾಸಿನ ಫೋನ್ ನಂಬರ್ ಕೂಡ ಇಟ್ಟುಕೊಂಡಿದ್ದೆ.

ಹೆಜ್ಜೆ 4: ಮನೆಗೆ ಬಂದ ಮೊದಲ ಅರ್ಧ ಗಂಟೆ ಯಾರೂ ಮುಟ್ಟಬೇಡಿ

ಸ್ಕೂಲಿನಿಂದ ಬಂದ ತಕ್ಷಣ "ಟೆಸ್ಟ್ ಹೇಗಾಯ್ತು? ಎಷ್ಟು ಬಂತು? ಅವಳಿಗೆ ಎಷ್ಟು?" ಅಂತ ಕೇಳುವುದು ನಿಲ್ಲಿಸಿ. ಮೊದಲು ಹೊಟ್ಟೆಗೆ ಹಾಕಿ. ಬೇಯಿಸಿದ ಕಡ್ಲೆಕಾಯಿ, ಬಾಳೆಹಣ್ಣು, ರಾಗಿ ಮಾಲ್ಟು, ಬೆಳಿಗ್ಗೆ ಉಳಿದ ಇಡ್ಲಿಗೆ ಒಗ್ಗರಣೆ, ಯಾವುದಾದರೂ ಸರಿ. ಮಧ್ಯಾಹ್ನದ ಡಬ್ಬಿ ಖಾಲಿಯಾಗಿ ನಾಲ್ಕು ಗಂಟೆಯಾಗಿರುತ್ತದೆ. ಸಂಜೆಯ ಎಷ್ಟೋ ಸಿಟ್ಟು ಬರೀ ಹಸಿವು.

ಮಾತಾಡಲೇಬೇಕು ಅನ್ನಿಸಿದರೆ "ಇವತ್ತು ಯಾರ ಡಬ್ಬೀಲಿ ಏನಿತ್ತು?" ಅಂತ ಕೇಳಿ. ಈ ಒಂದು ಪ್ರಶ್ನೆಯಿಂದ ಯಾರು ಯಾರ ಪಕ್ಕ ಕೂತರು, ಯಾರು ಜಗಳ ಆಡಿದರು, ಯಾರು ಅತ್ತರು, ಟೀಚರ್ ಯಾರಿಗೆ ಬೈದರು ಎಲ್ಲ ತಾನಾಗಿ ಆಚೆ ಬರುತ್ತದೆ. "ಹೇಗಿತ್ತು ಸ್ಕೂಲು" ಅಂದರೆ "ಚೆನ್ನಾಗಿತ್ತು" ಅನ್ನೋದರಲ್ಲಿ ಮುಗಿಯುತ್ತದೆ.

ಹೆಜ್ಜೆ 5: ಉಸಿರು ಕಲಿಸುವುದು

ಈಗ ಉಸಿರಿನ ವಿಷಯಕ್ಕೆ ಬರೋಣ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆ ಢವಢವ ಅನ್ನುತ್ತದೆ, ಉಸಿರು ಮೇಲುಮೇಲಕ್ಕೆ ಓಡುತ್ತದೆ, ಹೊಟ್ಟೆ ಕಿವುಚುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಲು ಇದು ಬೇಕು. ಆದರೆ ಮೈಗೆ ನಾಯಿಗೂ ಗಣಿತದ ಟೆಸ್ಟಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಟ್ಟಾಗ ಮೆದುಳಿನಿಂದ ಎದೆ, ಹೊಟ್ಟೆಯವರೆಗೆ ಹೋಗುವ ವೇಗಸ್ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ. ಆದ್ದರಿಂದ ಕೀಲಿ ಇರುವುದು ಉಸಿರು ಬಿಡುವುದರಲ್ಲಿ. ಒಳಗೆ ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರಬೇಕು.

ಇದನ್ನೆಲ್ಲ ಮಗುವಿಗೆ ಹೇಳಲು ಹೋಗಬೇಡಿ. ನಮ್ಮ ಮನೆಯಲ್ಲಿ ಇದಕ್ಕೆ "ಸಾರು ಆರಿಸೋದು" ಅಂತ ಹೆಸರು. ಎರಡೂ ಅಂಗೈ ಸೇರಿಸಿ ಬಟ್ಟಲು ಮಾಡು. ಅದರಲ್ಲಿ ಬಿಸಿ ಸಾರು ಇದೆ. ಒಗ್ಗರಣೆಯ ಘಮ ಮೂಗಿನಿಂದ ಎಳ್ಕೋ, ಒಂದು, ಎರಡು, ಮೂರು. ಈಗ ಬಾಯಿಂದ ನಿಧಾನಕ್ಕೆ ಊದು, ಸಾರು ಚೆಲ್ಲಬಾರದು, ಒಂದರಿಂದ ಆರು. ಜೋರಾಗಿ ಊದಿದರೆ ಅಜ್ಜಿ ಸೀರೆ ಮೇಲೆ ಬೀಳುತ್ತೆ. ಹೀಗೆ ಐದು ಸಲ. ಚೆಲ್ಲಬಾರದು ಅನ್ನೋ ಮಾತಿನಲ್ಲೇ ಉಸಿರು ತಾನಾಗಿ ನಿಧಾನವಾಗುತ್ತದೆ.

ಇನ್ನೆರಡು ಉಪಾಯ. ಒಂದು ಕೈಯನ್ನು ಅಗಲಿಸಿ, ಇನ್ನೊಂದು ಕೈಯ ತೋರುಬೆರಳಿನಿಂದ ಹೆಬ್ಬೆರಳ ಬುಡದಿಂದ ಶುರುಮಾಡಿ ಪ್ರತಿ ಬೆರಳನ್ನೂ ಹತ್ತಿ ಇಳಿಯುವುದು. ಹತ್ತುವಾಗ ಉಸಿರು ಒಳಗೆ, ಇಳಿಯುವಾಗ ಹೊರಗೆ. ಇದನ್ನು ಕ್ಲಾಸಿನಲ್ಲಿ ಡೆಸ್ಕಿನ ಕೆಳಗೆ ಯಾರಿಗೂ ಕಾಣದ ಹಾಗೆ ಮಾಡಬಹುದು. ಎರಡನೆಯದು ದುಂಬಿಯ ಹಾಗೆ ಬಾಯಿ ಮುಚ್ಚಿ ಗುಂಯ್‌ಗುಡುವುದು, ಯೋಗದಲ್ಲಿ ಭ್ರಾಮರಿ ಅನ್ನುತ್ತಾರಲ್ಲ, ಅದು. ಚಿಕ್ಕ ಮಕ್ಕಳಿಗೆ ಇದು ಆಟ. ಉಸಿರು ಕಟ್ಟಿ ಹಿಡಿಯುವ ಪ್ರಾಣಾಯಾಮಗಳನ್ನು ಮಕ್ಕಳಿಗೆ ಮನೆಯಲ್ಲೇ ಮಾಡಿಸಬೇಡಿ. ತಲೆ ತಿರುಗುತ್ತದೆ ಅಂದರೆ ನಿಲ್ಲಿಸಿ. ಆಸ್ತಮಾ ಇದ್ದರೆ ಡಾಕ್ಟರನ್ನು ಕೇಳಿ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಕಲಿಸಿದ ಎರಡನೇ ದಿನವೇ, ಅವಳು ಅಳುತ್ತಾ ಕಿರುಚುತ್ತಿದ್ದಾಗ "ಉಸಿರು ತಗೋ, ಮೊದಲು ಉಸಿರು ತಗೋ" ಅಂತ ನಾನೂ ಕಿರುಚಿದೆ. "ತಗೊಳ್ತಾನೇ ಇದೀನಲ್ಲಮ್ಮಾ!" ಅಂದಳು. ನ್ಯಾಯವೇ. ಈಜು ಕಲಿಸಲು ಪ್ರವಾಹದ ಹೊಳೆಗೆ ಯಾರೂ ಇಳಿಸುವುದಿಲ್ಲ. ಕನಿಷ್ಠ ಎರಡು ವಾರ, ಮನಸ್ಸು ತಣ್ಣಗಿರುವ ಹೊತ್ತಿನಲ್ಲಿ, ರಾತ್ರಿ ಹಲ್ಲುಜ್ಜಿದ ಮೇಲೆ ಐದು ಸಲ ಮಾಡಿ. ನೀವೂ ಜೊತೆಗೆ ಮಾಡಿ. ವಿಡಿಯೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಮಾರ್ಕ್ಸ್ ಬೀಳದ ಒಂದು ಕೆಲಸವಾದರೂ ಮಗುವಿಗೆ ಇರಲಿ.

ಹೆಜ್ಜೆ 6: ಹಾಲು ಉಕ್ಕಿಯೇ ಹೋದಾಗ

ಪುಸ್ತಕ ಎಸೆದಾಯಿತು, ಬಾಗಿಲು ಧಡಾರ್ ಅಂದಿತು. ಈಗ ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲ. ಆ ಹೊತ್ತಿಗೆ ಮಗುವಿನ ತಲೆಗೆ ಮಾತು ಇಳಿಯುವುದಿಲ್ಲ. ಯೋಚಿಸಿ ನಿರ್ಧರಿಸುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತು ದಾಟಬೇಕು.

ನೀವು ಕೆಳಗೆ ಕೂರಿ. ನಿಂತು ಮಾತಾಡಿದರೆ ಮಗುವಿಗೆ ನಾವು ತೆಂಗಿನಮರದ ಹಾಗೆ ಕಾಣುತ್ತೇವೆ. ದನಿ ತಗ್ಗಿಸಿ. "ತುಂಬಾ ಸಿಟ್ಟು ಬಂದಿದೆ ನಿನಗೆ. ನಾನಿಲ್ಲೇ ಇರ್ತೀನಿ" ಅಷ್ಟು ಸಾಕು. ಹೊಡೆದರೆ ಮಾತ್ರ ಕೈ ಹಿಡಿಯಿರಿ. ತಣ್ಣೀರಲ್ಲಿ ಮುಖ ತೊಳೆಯುವುದು, ಒಂದು ಲೋಟ ನೀರು ಗುಟುಕು ಗುಟುಕಾಗಿ ಕುಡಿಯುವುದು, ಅಂಗಳದಲ್ಲಿ ಎರಡು ಸುತ್ತು ಓಡುವುದು, ಯಾವುದು ಹೊಂದುತ್ತದೋ ನೋಡಿ. ನನ್ನ ಮಗಳಿಗೆ ಚಪಾತಿ ಹಿಟ್ಟು ನಾದಲು ಕೊಟ್ಟರೆ ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಅವತ್ತಿನ ಚಪಾತಿ ಮಾತ್ರ ಬಹಳ ಮೆತ್ತಗೆ.

ಎಸೆದ ಪುಸ್ತಕವನ್ನು ಆಮೇಲೆ ಅವಳೇ ಎತ್ತಿಡಬೇಕು. ಸಿಟ್ಟು ಬಂದದ್ದು ತಪ್ಪಲ್ಲ, ಎಸೆದದ್ದು ತಪ್ಪು. ಈ ಮಾತನ್ನು ಊಟ ಆದ ಮೇಲೆ, ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿ.

ಹೆಜ್ಜೆ 7: ನಿದ್ದೆ ಮತ್ತು ಫಲವಿಲ್ಲದ ಆಟ

ನಿದ್ದೆಯ ಬಗ್ಗೆ ಹೊಸದೇನೂ ಹೇಳುವುದಿಲ್ಲ. ಮಲಗುವ ಹೊತ್ತನ್ನು ವಾರಕ್ಕೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಮಲಗುವ ಒಂದು ಗಂಟೆ ಮೊದಲು ಫೋನು, ಟಿವಿ ಬಂದ್. ಫೋನುಗಳೆಲ್ಲ ಹಾಲ್‌ನಲ್ಲಿ ಚಾರ್ಜಿಗೆ ಇರಲಿ, ಅಪ್ಪನದೂ ಸೇರಿ. ನಾವು 10:15ರಿಂದ 9ಕ್ಕೆ ಬರಲು ಐದು ವಾರ ಹಿಡಿಯಿತು. ಟ್ಯೂಷನ್ನನ್ನು ಐದು ದಿನದಿಂದ ಮೂರಕ್ಕೆ ಇಳಿಸಿದ ಮೇಲೇ ಅದು ಸಾಧ್ಯವಾದದ್ದು.

ಆಟದ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಕೇಳಿದ ತಕ್ಷಣ ನಾವು ಸ್ಕೇಟಿಂಗ್ ಕ್ಲಾಸಿಗೆ ಸೇರಿಸುತ್ತೇವೆ. ಕೋಚ್, ಡ್ರೆಸ್ಸು, ಕಾಂಪಿಟಿಷನ್. ಅದು ಮತ್ತೆ ಕೆಂಪು. ಕುಂಟೆಬಿಲ್ಲೆ, ಲಗೋರಿ, ಕಳ್ಳ ಪೊಲೀಸ್ ಇವಕ್ಕೆ ಸರ್ಟಿಫಿಕೇಟ್ ಇಲ್ಲ, ಅದೇ ಇವುಗಳ ಗುಣ. ಸಂಜೆ ಅಮಾನಿಕೆರೆಯ ಏರಿ ಮೇಲೆ ಬರೀ ನಡೆದು ಬಂದರೂ ಆಗುತ್ತದೆ. ಕೆರೆಯ ಹಕ್ಕಿ ನೋಡುತ್ತಾ ನಿಂತರೆ ನಿಲ್ಲಲಿ, "ಬೇಗ ಬಾ, ಸ್ಟೆಪ್ಸ್ ಆಗಬೇಕು" ಅನ್ನಬೇಡಿ.

ತಿಂಗಳಿಗೊಮ್ಮೆ ದೇವರಾಯನದುರ್ಗಕ್ಕೆ ಹೋಗುತ್ತೇವೆ. ಊರಿನಿಂದ ಹದಿನೈದು ಕಿಲೋಮೀಟರ್ ಅಷ್ಟೇ. ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ಬಂಡೆಯ ಸಂದಿನಿಂದ ನೀರು ಬರುತ್ತದೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ರಾಮ ಬಾಣ ಬಿಟ್ಟ ಜಾಗ ಅದು ಅಂತ ಕತೆ. ಮೊದಲ ಸಲ ಹೋದಾಗ ನಾನು ಆ ಕತೆ ಹೇಳಿ, ವಾಪಸ್ ಬರುವಾಗ ಪ್ರಶ್ನೆ ಕೇಳಲು ಶುರುಮಾಡಿದ್ದೆ. ಅತ್ತೆ ಕಣ್ಣಲ್ಲೇ ಗದರಿದರು.

ಹೆಜ್ಜೆ 8: ಪರೀಕ್ಷೆ ದಿನಗಳು

ಸ್ವಲ್ಪ ಹೆದರಿಕೆ ಇರಬೇಕು, ಅದು ಓದಿಸುತ್ತದೆ. ಪಾಠವನ್ನು 25 ನಿಮಿಷದ ತುಂಡುಗಳಾಗಿ ಮಾಡಿ, ನಡುವೆ ಐದು ನಿಮಿಷ ಎದ್ದು ಓಡಾಡಲಿ. ಹಿಂದಿನ ರಾತ್ರಿ ಹೊಸ ಪಾಠ ಬೇಡ. ಬರೆದು ಬಂದ ಮೇಲೆ ಪ್ರಶ್ನೆಪತ್ರಿಕೆ ಹರಡಿಕೊಂಡು ಮಾರ್ಕ್ಸ್ ಲೆಕ್ಕ ಹಾಕುವ ಅಭ್ಯಾಸ ನಮ್ಮಲ್ಲಿದೆ, ನಾಳಿನ ಪರೀಕ್ಷೆಯನ್ನು ಕೆಡಿಸುವುದೇ ಅದು. ಎಸ್ಸೆಸ್ಸೆಲ್ಸಿ ಮಕ್ಕಳಿರುವವರು ಒಂದು ಮಾತು ಮನೆಯಲ್ಲಿ ಆಗಾಗ ಹೇಳಬಹುದು. 2024ರಿಂದ ನಮ್ಮ ರಾಜ್ಯದಲ್ಲಿ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಒಂದು ಬೆಳಿಗ್ಗೆ ಕೆಟ್ಟರೆ ವರ್ಷ ಕೆಡುವುದಿಲ್ಲ.

ಹೆಜ್ಜೆ 9: ನಮ್ಮ ಮುಖ

ನಮ್ಮ ಮನೆಯವರು ರಾತ್ರಿ ಟ್ರೈನಿನಿಂದ ಇಳಿದು ಮನೆಗೆ ಬರುವ ಹೊತ್ತಿಗೆ ಎಂಟೂವರೆ. ಗೇಟಿನ ಸದ್ದು ಕೇಳಿದ ತಕ್ಷಣ ಮಗಳು ಪುಸ್ತಕ ತೆರೆಯುತ್ತಿದ್ದಳು. ಓದುತ್ತಿರಲಿಲ್ಲ, ಅಪ್ಪನ ಮುಖ ಹೇಗಿದೆ ಅಂತ ನೋಡುತ್ತಿದ್ದಳು. ಇದನ್ನು ಹೇಳಿದಾಗ ಅವರಿಗೆ ಬೇಜಾರಾಯಿತು. ಈಗ ಗೇಟಿನ ಹೊರಗೆ ಗಾಡಿ ಮೇಲೇ ಎರಡು ನಿಮಿಷ ಕೂತು, ಆಫೀಸಿನ ಫೋನ್ ಮುಗಿಸಿ ಒಳಗೆ ಬರುತ್ತಾರೆ. ಮೊದಮೊದಲು ಎದುರುಮನೆಯವರು ಏನಾಯ್ತು ಸಾರ್ ಅಂತ ಕೇಳುತ್ತಿದ್ದರು. ನಾನಂತೂ ಸಿಟ್ಟು ಬಂದಾಗ "ನನಗೂ ಸಾರು ಆರಿಸಬೇಕಾಗಿದೆ, ತಾಳು" ಅಂತ ಅವಳ ಎದುರಿಗೇ ಊದುತ್ತೇನೆ.

ಹೆಜ್ಜೆ 10: ಯಾವಾಗ ಸಹಾಯ ಕೇಳಬೇಕು

ಇಷ್ಟೆಲ್ಲ ಮಾಡಿಯೂ ಎರಡು ಮೂರು ವಾರದಲ್ಲಿ ಏನೂ ಬದಲಾಗದಿದ್ದರೆ, ಮಗು ಊಟ, ಆಟ, ಸ್ನೇಹಿತರು ಎಲ್ಲ ಬಿಟ್ಟರೆ, ಸ್ಕೂಲಿಗೆ ಹೋಗಲು ಒಪ್ಪದಿದ್ದರೆ ಮನೆಮದ್ದು ಸಾಕು ಮಾಡಿ. "ನಾನು ಇರಲೇಬಾರದಿತ್ತು" ಎಂಬ ಮಾತು ಬಂದರೆ ಅಥವಾ ತನಗೆ ತಾನೇ ಗಾಯ ಮಾಡಿಕೊಂಡರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ.

ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕೇಂದ್ರ ಸರ್ಕಾರ ಇದನ್ನು 2022ರ ಅಕ್ಟೋಬರ್‌ನಲ್ಲಿ ಶುರುಮಾಡಿತು. ಮಕ್ಕಳ ಸಹಾಯವಾಣಿ 1098. ಈ ನಂಬರನ್ನು ಮಗುವಿಗೂ ಬಾಯಿಪಾಠ ಮಾಡಿಸಿ, ನಮಗೆ ಹೇಳಲಾಗದ್ದನ್ನು ಅಲ್ಲಿ ಹೇಳಬಹುದು. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಫೋನ್ ಮಾಡಿ ಕೇಳಿಕೊಂಡು ಹೊರಡಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ.

ಹೋಗುವಾಗ ಮಗುವಿಗೆ "ಹಲ್ಲು ನೋವಿಗೆ ಹಲ್ಲಿನ ಡಾಕ್ಟರ್, ಚಿಂತೆ ಜಾಸ್ತಿಯಾದರೆ ಅದಕ್ಕೊಬ್ಬ ಡಾಕ್ಟರ್" ಅಂತ ಹೇಳಿ ಕರೆದುಕೊಂಡು ಹೋಗಿ. ಸುಳ್ಳು ಹೇಳಿ ಕರೆದೊಯ್ಯಬೇಡಿ. ಡಾಕ್ಟರ್ ಮೊದಲು ಕೇಳುವುದೇ ಯಾವಾಗಿನಿಂದ, ಎಷ್ಟು ಸಲ, ನಿದ್ದೆ ಹೇಗೆ ಅಂತ. ಒಂದನೇ ಹೆಜ್ಜೆಯ ಆ ಹಳೆಯ ನೋಟ್‌ಬುಕ್ ಚೀಲದಲ್ಲಿ ಇಟ್ಟುಕೊಂಡಿರಿ.